ವರ್ಷದ ಪಾಸು, ಅರ್ಧ ಶತಮಾನದ ಕರಾರು



ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ನಮ್ಮ ಹಿರಿಯರ ಫೋಟೋಗಳಲ್ಲಿ ನಯಾಗರದ ಜೊತೆಗೆ ನೀಲಿ ಗೋಪುರಗಳ ಒಂದು ಕೋಟೆಯೂ ಇರುತ್ತದೆ. ಕಾಟನ್ ಸೀರೆಗೆ ಬಿಳಿ ಬೂಟು ಹಾಕಿಕೊಂಡ ಅಜ್ಜಿ, ಮಕ್ಕಳ ಬಲವಂತಕ್ಕೆ ತಲೆಗೆ ಇಲಿಯ ಕಿವಿ ಸಿಕ್ಕಿಸಿಕೊಂಡ ಅಜ್ಜ, ಹಿಂದೆ ಆ ಕೋಟೆ. ಅದರಲ್ಲಿ ಯಾವ ರಾಜನೂ ಆಳಿದವನಲ್ಲ. 189 ಅಡಿ ಎತ್ತರದ ಆ ಸಿಂಡರೆಲ್ಲಾ ಕೋಟೆ ಇರುವುದು ಫ್ಲಾರಿಡಾ ರಾಜ್ಯದ ಆರ್ಲ್ಯಾಂಡೊ ನಗರದ ಪಕ್ಕ, ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ವಿನೋದ ಸಾಮ್ರಾಜ್ಯದಲ್ಲಿ. ಇವತ್ತು ನಾನು ಮಾತಾಡಹೊರಟಿರುವುದು ಕೋಟೆಯ ವಿಷಯವಲ್ಲ, ಅದರ ಹೆಬ್ಬಾಗಿಲಿನ ವಿಷಯ. ಒಳಗೆ ಹೋಗಲು ಯಾರು ಎಷ್ಟು ಕೊಡುತ್ತಾರೆ, ಕೆಲವರಿಗೆ ಮಾತ್ರ ರಿಯಾಯಿತಿ ಏಕೆ, ಆ ರಿಯಾಯಿತಿಯ ಖರ್ಚನ್ನು ಕೊನೆಗೆ ಹೊರುವವರು ಯಾರು ಎಂಬ ವಿಷಯ. ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತು ಸವೆದವನು ನಾನು. ಕೋಟೆ ಕಂಡರೂ ನನಗೆ ಮೊದಲು ಕಾಣುವುದು ಅದರ ಕೆಳಗಿನ ಕರಾರುಪತ್ರ.

1971ರ ಅಕ್ಟೋಬರ್ 1ರಂದು ಈ ಉದ್ಯಾನ ಬಾಗಿಲು ತೆರೆದಾಗ ದೊಡ್ಡವರ ಪ್ರವೇಶಕ್ಕೆ 3 ಡಾಲರ್ 50 ಸೆಂಟು. ಒಳಗೆ ಹೋದಮೇಲೆ ಒಂದೊಂದು ಆಟಕ್ಕೂ ಬೇರೆ ಚೀಟಿ. ಚೀಟಿಗಳ ಪುಸ್ತಕವೇ ಇತ್ತು, ಎ ಯಿಂದ ಇ ವರೆಗೆ ದರ್ಜೆ. ಕುದುರೆ ಗಾಡಿಯಂಥದ್ದಕ್ಕೆ ಎ ಚೀಟಿ ಸಾಕು, ಜೀವ ಬಾಯಿಗೆ ಬರುವಂಥ ಸವಾರಿಗೆ ಇ ಚೀಟಿಯೇ ಬೇಕು. 1982ರಲ್ಲಿ ಎಪ್ಕಾಟ್ ಎಂಬ ಎರಡನೆಯ ಉದ್ಯಾನ ತೆರೆದ ಕಾಲಕ್ಕೆ ಚೀಟಿ ಪುಸ್ತಕ ಹೋಗಿ, ಬಾಗಿಲಲ್ಲೇ ಎಲ್ಲಕ್ಕೂ ಸೇರಿಸಿ ಹಣ ಕೊಡುವ ಪದ್ಧತಿ ಬಂತು. ಈಗ ಅಲ್ಲಿ ನಾಲ್ಕು ಉದ್ಯಾನಗಳು. ಒಂದು ದಿನ ಒಂದು ಉದ್ಯಾನ ನೋಡಲು 2024ರಲ್ಲಿ ತಲೆಗೆ 109ರಿಂದ 189 ಡಾಲರ್. ಯಾವ ತಾರೀಕು, ಯಾವ ಉದ್ಯಾನ ಎಂಬುದರ ಮೇಲೆ ದರ ಏರುತ್ತದೆ, ಇಳಿಯುತ್ತದೆ. ಮೂರು ವರ್ಷದೊಳಗಿನ ಕೂಸಿಗೆ ಮಾತ್ರ ಬಿಟ್ಟಿ.

ದರ ಹೀಗಿರುವಾಗ ಪದೇ ಪದೇ ಹೋಗುವವರಿಗೆ ವರ್ಷದ ಪಾಸು ಬೇಕೆನಿಸುವುದು ಸಹಜ. 2021ರ ಸೆಪ್ಟೆಂಬರಿನಲ್ಲಿ ಡಿಸ್ನಿ ವರ್ಲ್ಡ್ ತನ್ನ ಪಾಸುಗಳನ್ನು ನಾಲ್ಕು ದರ್ಜೆ ಮಾಡಿ ಹೊಸ ಹೆಸರಿಟ್ಟಿತು: ಪಿಕ್ಸಿ ಡಸ್ಟ್, ಪೈರೇಟ್, ಸಾರ್ಸರರ್, ಇನ್‌ಕ್ರೆಡಿ-ಪಾಸ್. ಮೊದಲಿನ ಎರಡು ಅಗ್ಗದವು, ಫ್ಲಾರಿಡಾದ ನಿವಾಸಿಗಳಿಗೆ ಮಾತ್ರ. ಕೊನೆಯದು ಯಾರಿಗಾದರೂ ಸರಿ, 1,299 ಡಾಲರ್. ನಡುವೆ ನಿಂತಿರುವ ಸಾರ್ಸರರ್ ಪಾಸಿನ ಬೆಲೆ ಆಗ 899. ಅದು ಸಿಗುವುದು ಫ್ಲಾರಿಡಾದವರಿಗೆ ಮತ್ತು ಡಿಸ್ನಿ ವೆಕೇಶನ್ ಕ್ಲಬ್ಬಿನ ಅರ್ಹ ಸದಸ್ಯರಿಗೆ, ಅವರ ಮನೆಯವರಿಗೆ. 2024ರ ಅಕ್ಟೋಬರ್ ಹೊತ್ತಿಗೆ 899 ಇದ್ದದ್ದು 1,079ಕ್ಕೆ, 1,299 ಇದ್ದದ್ದು 1,549ಕ್ಕೆ ಏರಿತು. ಬೇರೆ ರಾಜ್ಯದಲ್ಲಿರುವ ಸದಸ್ಯನಿಗೂ ಸದಸ್ಯನಲ್ಲದವನಿಗೂ ಆಗ ಪಾಸೊಂದಕ್ಕೆ 470 ಡಾಲರ್ ಅಂತರವಿತ್ತು. ನಾನು ಮೊದಲು ಹೇಳಿದ ರಿಯಾಯಿತಿ ಇದೇ.

ಈ ಕ್ಲಬ್ಬು ಏನೆಂದು ತಿಳಿಯದೆ ರಿಯಾಯಿತಿ ಅರ್ಥವಾಗುವುದಿಲ್ಲ. ಇದು ಟೈಮ್‌ಶೇರ್ ವ್ಯವಸ್ಥೆ. ನಮ್ಮ ಊರುಗಳ ಕೆಲವು ದೇವಸ್ಥಾನಗಳಲ್ಲಿ ಪೂಜೆಯ ಪಾಳಿ ದಾಯಾದಿಗಳ ನಡುವೆ ತಿಂಗಳ ಲೆಕ್ಕದಲ್ಲಿ ಹಂಚಿಹೋಗಿರುತ್ತದೆ. ಗುಡಿ ಯಾರೊಬ್ಬರದೂ ಅಲ್ಲ, ಆದರೆ ಚೈತ್ರಮಾಸ ಇಂಥವರದು. ಟೈಮ್‌ಶೇರ್‌ನ ಮೂಲ ವಿಚಾರವೂ ಅದೇ: ಕಟ್ಟಡ ಎಲ್ಲರದು, ವಾರ ನಿಮ್ಮದು. ಇದು ಹುಟ್ಟಿದ್ದು ಅಮೆರಿಕದಲ್ಲಲ್ಲ, ಯುರೋಪಿನಲ್ಲಿ. 1963ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹಾಪಿಮಾಗ್ ಎಂಬ ಸಂಸ್ಥೆ ಶುರುವಾಯಿತು. ಅದೇ ದಶಕದಲ್ಲಿ ಫ್ರಾನ್ಸಿನ ಆಲ್ಪ್ಸ್ ಸೀಮೆಯಲ್ಲಿ, ಕೋಣೆ ಬಾಡಿಗೆಗೆ ಹಿಡಿಯುವುದಕ್ಕಿಂತ ಹೋಟೆಲನ್ನೇ ಕೊಳ್ಳುವುದು ಅಗ್ಗ ಎಂಬ ಧಾಟಿಯಲ್ಲಿ ಜನರನ್ನು ಕರೆದರು. 1974ರಲ್ಲಿ ಅಮೆರಿಕದಲ್ಲಿ ಆರ್‌ಸಿಐ ಎಂಬ ವಿನಿಮಯ ಸಂಸ್ಥೆ ಬಂದು, ನಿಮ್ಮ ವಾರವನ್ನು ಬೇರೆ ಊರಿನ ಇನ್ನೊಬ್ಬರ ವಾರಕ್ಕೆ ಅದಲು ಬದಲು ಮಾಡಿಕೊಳ್ಳುವ ದಾರಿ ತೆರೆಯಿತು.

ಆಮೇಲೆ ಈ ವ್ಯಾಪಾರಕ್ಕೆ ಕೆಟ್ಟ ಹೆಸರೂ ಬಂತು. ಆರ್ಲ್ಯಾಂಡೊದ ಪ್ರವಾಸಿ ರಸ್ತೆಗಳಲ್ಲಿ ಅರ್ಧ ಬೆಲೆಗೆ ಉದ್ಯಾನದ ಟಿಕೆಟು ಎಂದು ಬೋರ್ಡು ಹಾಕಿದ ಮಳಿಗೆಗಳಿರುತ್ತವೆ. ಟಿಕೆಟು ಸಿಗುವುದು ನಿಜವೇ. ಅದಕ್ಕೆ ಮೊದಲು ಒಂದೂವರೆ ಗಂಟೆ ಕೂತು ಟೈಮ್‌ಶೇರ್ ಮಾರುವವರ ಮಾತು ಕೇಳಬೇಕು. ಒಂದೂವರೆ ಗಂಟೆ ಅರ್ಧ ದಿನವಾಗುವುದೂ, ಬೇಡ ಎಂದಷ್ಟೂ ಹೊಸ ಮ್ಯಾನೇಜರು ಬಂದು ಬೆಲೆ ಇಳಿಸುವುದೂ ಅಲ್ಲಿ ಮಾಮೂಲು. ನಮ್ಮಲ್ಲಿಯೂ ಮಾಲ್‌ಗಳಲ್ಲಿ ಲಕ್ಕಿ ಡ್ರಾ ಚೀಟಿ ತುಂಬಿಸಿಕೊಂಡು, ಭಾನುವಾರ ದಂಪತಿ ಸಮೇತ ಬನ್ನಿ, ಉಡುಗೊರೆ ಇದೆ ಎಂದು ಫೋನು ಮಾಡುತ್ತಾರಲ್ಲ, ಅದರ ಹಿರಿಯಣ್ಣ ಇದು. ದಂಪತಿ ಸಮೇತ ಏಕೆಂದರೆ, ಮನೆಗೆ ಹೋಗಿ ಹೆಂಡತಿಯನ್ನು ಕೇಳಿ ಹೇಳುತ್ತೇನೆ ಎಂಬ ಪಾರಾಗುವ ದಾರಿ ಮೊದಲೇ ಮುಚ್ಚಿಹೋಗಲಿ ಎಂದು. ಫ್ಲಾರಿಡಾದ ಕಾನೂನು ಕೊಂಡವರಿಗೆ ಹತ್ತು ದಿನದೊಳಗೆ ಕರಾರು ರದ್ದು ಮಾಡುವ ಹಕ್ಕು ಕೊಟ್ಟಿದೆ. ಜನ ಬಿಸಿಯಲ್ಲಿ ಸಹಿ ಹಾಕುತ್ತಾರೆ, ಆರಿದ ಮೇಲೆ ಯೋಚಿಸುತ್ತಾರೆ ಎಂಬುದು ಶಾಸಕರಿಗೂ ಗೊತ್ತಿತ್ತು.

ಇಂಥ ಕೆಸರಿನ ಮಾರುಕಟ್ಟೆಗೆ ಡಿಸ್ನಿ ಇಳಿದದ್ದು 1991ರಲ್ಲಿ. ಮೊದಲ ರೆಸಾರ್ಟಿಗೆ ಈಗ ಓಲ್ಡ್ ಕೀ ವೆಸ್ಟ್ ಎಂಬ ಹೆಸರಿದೆ. ಅವರು ವಾರಗಳನ್ನು ಮಾರಲಿಲ್ಲ, ಪಾಯಿಂಟುಗಳನ್ನು ಮಾರಿದರು. ಕಾಗದದ ಮೇಲೆ ಕಟ್ಟಡದ ಒಂದು ಸಣ್ಣ ಪಾಲಿಗೆ ನಿಮ್ಮ ಹೆಸರಿನಲ್ಲಿ ನೋಂದಣಿಯಾಗುತ್ತದೆ. ಆ ಪಾಲಿಗೆ ತಕ್ಕಂತೆ ವರ್ಷಕ್ಕಿಷ್ಟು ಪಾಯಿಂಟು. ಸಂದಣಿಯ ಕಾಲದಲ್ಲಿ ಕೋಣೆಗೆ ಹೆಚ್ಚು ಪಾಯಿಂಟು, ಬಿಡುವಿನ ಕಾಲದಲ್ಲಿ ಕಡಿಮೆ. ಈ ವರ್ಷ ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು, ಮುಂದಿನ ವರ್ಷದ್ದನ್ನು ಈಗಲೇ ಎಳೆದುಕೊಳ್ಳಬಹುದು. ನೀವು ಕೊಂಡ ರೆಸಾರ್ಟಿನಲ್ಲಿ ಹನ್ನೊಂದು ತಿಂಗಳ ಮುಂಚೆ ಕೋಣೆ ಕಾದಿರಿಸಬಹುದು, ಉಳಿದವುಗಳಲ್ಲಿ ಏಳು ತಿಂಗಳ ಮುಂಚೆ. ಇದಲ್ಲದೆ ಪ್ರತಿ ವರ್ಷ ನಿರ್ವಹಣಾ ಶುಲ್ಕ ಉಂಟು. ಅದು ಇಳಿದದ್ದನ್ನು ಕಂಡವರು ಅಪರೂಪ.

ಆ ಪಾಲಿಗೆ ಒಂದು ಕೊನೆಯ ತಾರೀಕೂ ಇದೆ. ಓಲ್ಡ್ ಕೀ ವೆಸ್ಟ್‌ನ ಮೂಲ ಕರಾರು 2042ರ ಜನವರಿ 31ಕ್ಕೆ ಮುಗಿಯುತ್ತದೆ. 2019ರಲ್ಲಿ ತೆರೆದ ರಿವಿಯೇರಾ ಎಂಬ ರೆಸಾರ್ಟಿನದು 2070ಕ್ಕೆ. ಅವತ್ತು ಗಂಟು ಮರಳಿ ಬರುವುದಿಲ್ಲ, ಕಟ್ಟಡವೂ ನಿಮ್ಮದಾಗುವುದಿಲ್ಲ. ಹಾಗಾಗಿ ಇದನ್ನು ಆಸ್ತಿ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ಐವತ್ತು ವರ್ಷದ ಬಾಡಿಗೆಯನ್ನು ಮುಂಗಡವಾಗಿ ಕಟ್ಟಿದ ಹಾಗೆ ಎಂದು ತಿಳಿದರೆ ಲೆಕ್ಕ ಸರಿಯಾಗುತ್ತದೆ.

ನನ್ನ ತಂಗಿಯ ಮಗ ಅಟ್ಲಾಂಟಾದ ಹೊರವಲಯದಲ್ಲಿದ್ದಾನೆ. ಅಲ್ಲಿಂದ ಆರ್ಲ್ಯಾಂಡೊಗೆ ಕಾರಿನಲ್ಲಿ ಆರೇಳು ಗಂಟೆ. ಗಂಡ, ಹೆಂಡತಿ, ಒಂಬತ್ತು ಮತ್ತು ಆರು ವರ್ಷದ ಇಬ್ಬರು ಮಕ್ಕಳು. ರಿವಿಯೇರಾದಲ್ಲಿ 150 ಪಾಯಿಂಟು ಕೊಂಡಿದ್ದಾನೆ. ಆ ಕರಾರು ಮುಗಿಯುವ ಹೊತ್ತಿಗೆ ಅವನಿಗೆ ಎಂಬತ್ತೈದು ದಾಟಿರುತ್ತದೆ. ನಾನೂ ತಂಗಿಯೂ ಅವನ ಮನೆಗೆ ಹೋಗಿದ್ದಾಗ ಒಂದು ಸಂಜೆ ಊಟದ ಮೇಜಿನ ಮೇಲೆ ಇದೇ ಚರ್ಚೆ. ವಿದ್ಯುತ್ ಬಿಲ್ಲಿನ ಲಕೋಟೆಯ ಹಿಂಬದಿಯಲ್ಲಿ ಅವನು ಲೆಕ್ಕ ಬರೆದ.

"ನೋಡಿ ಮಾಮ, ನಾಲ್ಕು ಇನ್‌ಕ್ರೆಡಿ-ಪಾಸ್ ಅಂದ್ರೆ 6,196. ನಾಲ್ಕು ಸಾರ್ಸರರ್ ಅಂದ್ರೆ 4,316. ಉಳಿತಾಯ 1,880 ಡಾಲರ್. ಪಾಯಿಂಟಿಗೆ ಎಂಟೊಂಬತ್ತು ಡಾಲರಿನ ಹಾಗೆ ನಾನು ವರ್ಷಕ್ಕೆ ಕಟ್ಟೋ ಮೇಂಟೆನೆನ್ಸು 1,300ರ ಆಸುಪಾಸು. ಪಾಸಿನ ರಿಯಾಯಿತಿಯಲ್ಲೇ ಮೇಂಟೆನೆನ್ಸು ಗಿಟ್ಟಿಹೋಯ್ತು, ಮೇಲೆ ಐನೂರು ಮಿಕ್ಕಿತು."

ಸೊಸೆ ಮಕ್ಕಳಿಗೆ ದೋಸೆ ಹಾಕುತ್ತಿದ್ದಳು. ತಿರುಗಿ ನೋಡದೆ, "ನಾಲ್ಕು ಸಾವಿರ ಖರ್ಚು ಮಾಡಿ ಎರಡು ಸಾವಿರ ಉಳಿಸೋದು ಯಾವ ಊರಿನ ಲೆಕ್ಕ ಕೇಳಿ ಮಾಮ," ಅಂದಳು.

ಅವಳು ಹೇಳಿದ್ದರಲ್ಲಿಯೇ ಎಲ್ಲ ಇದೆ, ಆದರೂ ಬಿಡಿಸಿ ನೋಡೋಣ. ರಿಯಾಯಿತಿಯನ್ನು ಯಾವುದರ ಎದುರು ಇಟ್ಟು ಅಳೆಯುತ್ತೀರಿ ಎಂಬುದೇ ಇಲ್ಲಿನ ಪ್ರಶ್ನೆ. 1,549ರ ಪಾಸನ್ನು ಇವರು ಯಾವ ಕಾಲಕ್ಕೂ ಕೊಳ್ಳುವವರಲ್ಲ. ಕೊಳ್ಳದೇ ಇರುವ ವಸ್ತುವಿನ ಬೆಲೆಯಿಂದ ಕಳೆದರೆ ಬರುವ ಮೊತ್ತ ಜೇಬಿನಲ್ಲಿ ಉಳಿದ ಹಣವಲ್ಲ. ಇವರ ಎದುರು ನಿಜವಾಗಿ ಇರುವ ಇನ್ನೊಂದು ದಾರಿ ದಿನಗಳ ಲೆಕ್ಕದ ಟಿಕೆಟು. ಹಲವು ದಿನಕ್ಕೆ ಒಟ್ಟಿಗೆ ಕೊಂಡರೆ ದಿನದ ಸರಾಸರಿ ಇಳಿಯುತ್ತದೆ. ಲೆಕ್ಕಕ್ಕಾಗಿ ತಲೆಗೆ ದಿನಕ್ಕೆ 130 ಡಾಲರ್ ಎಂದು ಇಟ್ಟುಕೊಳ್ಳಿ. ನಾಲ್ಕು ಜನ, ಐದು ದಿನ, 2,600 ಡಾಲರ್. ಪಾಸಿಗೆ 4,316. ವರ್ಷಕ್ಕೆ ಒಂದೇ ಸಲ ಹೋಗುವ ಮನೆಗೆ ರಿಯಾಯಿತಿಯ ಪಾಸು 1,716 ಡಾಲರ್ ನಷ್ಟ. ಅದೇ ಅವಧಿಯಲ್ಲಿ ಎರಡು ಸಲ ಐದೈದು ದಿನ ಹೋದರೆ ಟಿಕೆಟಿಗೆ 5,200 ಆಗುತ್ತಿತ್ತು, ಆಗ ಪಾಸಿನಿಂದ 884 ಡಾಲರ್ ಲಾಭ. ತೆರಿಗೆ ಎರಡು ಕಡೆಗೂ ಇದೆ, ಅದನ್ನು ಬಿಡಿ. ಅಂದರೆ ಈ ಪಾಸು ಬೆಲೆ ಬಾಳುವುದು ಎರಡನೆಯ ಪ್ರವಾಸದಲ್ಲಿ. ಕಂಪನಿಗೆ ಬೇಕಾದದ್ದೂ ನಿಮ್ಮ ಎರಡನೆಯ ಪ್ರವಾಸವೇ. ಬಾಗಿಲಲ್ಲಿ ಬಿಟ್ಟುಕೊಟ್ಟದ್ದನ್ನು ಒಳಗೆ ಊಟ, ನೀರು, ಅಂಗಿ, ಆಟಿಕೆಯಲ್ಲಿ ವಸೂಲು ಮಾಡಿಕೊಳ್ಳುವುದು ಯಾವ ಜಾತ್ರೆಯವನಿಗೂ ಗೊತ್ತು.

ಇನ್ನೊಂದು ಸೂಕ್ಷ್ಮವಿದೆ. ದಿನದ ಟಿಕೆಟಿನಲ್ಲಿ ಹತ್ತು ವರ್ಷದೊಳಗಿನವರಿಗೆ ಅಲ್ಪಸ್ವಲ್ಪ ಕಡಿತವಿದೆ. ವರ್ಷದ ಪಾಸಿನಲ್ಲಿ ಇಲ್ಲ. ಆರು ವರ್ಷದ ಹುಡುಗಿಗೂ ಅವಳ ಅಪ್ಪನಿಗೂ ಒಂದೇ 1,079. ಪಾಸಿನ ಜೊತೆ ಬರುವ ಸವಲತ್ತುಗಳನ್ನೂ ಜರಡಿ ಹಿಡಿಯಬೇಕು. ಉದ್ಯಾನಗಳಲ್ಲಿ ಕಾರು ನಿಲ್ಲಿಸಲು ಪಾಸುದಾರರು ಹಣ ಕೊಡಬೇಕಿಲ್ಲ ಎಂದು ದೊಡ್ಡದಾಗಿ ಹೇಳುತ್ತಾರೆ. ಡಿಸ್ನಿಯದೇ ರೆಸಾರ್ಟಿನಲ್ಲಿ ಉಳಿದವರಿಗೆ ಆ ಸೌಕರ್ಯ ಹೇಗೂ ಇದೆ, ಬಸ್ಸೂ ಉಚಿತ. ಕ್ಲಬ್ಬಿನ ಸದಸ್ಯ ಉಳಿಯುವುದು ಅಲ್ಲೇ ತಾನೆ? ಅವನಿಗೆ ಅದು ಸಿಕ್ಕ ವಸ್ತು ಮತ್ತೆ ಸಿಕ್ಕಂತೆ. ಅಂಗಡಿ ಮತ್ತು ಹೋಟೆಲುಗಳಲ್ಲಿ ಸಿಗುವ ಕಡಿತವೂ ಸದಸ್ಯರಿಗೆ ಬಹುಪಾಲು ಬೇರೆ ದಾರಿಯಿಂದ ಬಂದೇ ಇರುತ್ತದೆ.

ಹಾಗಾದರೆ ಸದಸ್ಯರಿಗೆ ಮಾತ್ರ ಈ ಪಾಸನ್ನು ತೆರೆದಿಟ್ಟ ಉದ್ದೇಶವೇನು? ಹಳೆಯ ಗಿರಾಕಿಗಳ ಮೇಲಿನ ಪ್ರೀತಿ ಎಂದು ಮೊದಲು ನನಗೂ ಅನಿಸಿತ್ತು. ಆಮೇಲೆ ಅಳಿಯನ ಸಹೋದ್ಯೋಗಿಯೊಬ್ಬರ ಸಂಗತಿ ಕೇಳಿದೆ. ಅವರೂ ನಮ್ಮ ಕಡೆಯವರೇ, ಶಿವಮೊಗ್ಗದವರು. ಅವರೂ ಇದೇ ಕ್ಲಬ್ಬಿನಲ್ಲಿ ಪಾಲು ಹೊಂದಿದ್ದಾರೆ, ವಾರ್ಷಿಕ ಶುಲ್ಕ ಕಟ್ಟುತ್ತಾರೆ. ಆದರೆ ಅವರಿಗೆ ಸಾರ್ಸರರ್ ಪಾಸು ಸಿಗುವುದಿಲ್ಲ. ಕಾರಣ, ಅವರು ಪಾಲು ಕೊಂಡದ್ದು ಕಂಪನಿಯಿಂದಲ್ಲ, ಬೇಡವೆಂದು ಮಾರುತ್ತಿದ್ದ ಇನ್ನೊಬ್ಬ ಸದಸ್ಯನಿಂದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಂಪನಿ ಹೊಸ ರೆಸಾರ್ಟಿನ ಪಾಯಿಂಟನ್ನು ಇಂದು 200 ಡಾಲರಿಗೂ ಮೇಲೆ ಮಾರುತ್ತದೆ. 150 ಪಾಯಿಂಟಿಗೆ 30,000 ಡಾಲರ್. ಮರುಮಾರಾಟದ ಪೇಟೆಯಲ್ಲಿ ಹಳೆಯ ರೆಸಾರ್ಟುಗಳ ಪಾಯಿಂಟು ಅದರ ಅರ್ಧ ಬೆಲೆಗೆ ಸಿಗುವುದುಂಟು. ಮಕ್ಕಳು ದೊಡ್ಡವರಾದರು, ಗಂಡ ಹೆಂಡತಿ ಬೇರೆಯಾದರು, ಕೆಲಸ ಹೋಯಿತು, ಹೀಗೆ ಯಾವ ಕಾರಣಕ್ಕೋ ಮಾರುವವರು ಇದ್ದೇ ಇರುತ್ತಾರೆ. ಸದಸ್ಯರ ಸಂಖ್ಯೆ ಲಕ್ಷ ದಾಟಿದ ಮೇಲೆ ಆ ಹಳೆಯ ಮಾಲೇ ಕಂಪನಿಯ ಹೊಸ ಮಾಲಿಗೆ ಎದುರಾಳಿ. ಮಾರಾಟಕ್ಕೆ ಬಂದ ಪಾಲನ್ನು ಅದೇ ಬೆಲೆಗೆ ತಾನೇ ಮೊದಲು ಕೊಳ್ಳುವ ಹಕ್ಕನ್ನು ಡಿಸ್ನಿ ಇಟ್ಟುಕೊಂಡಿದೆ. ಹಾಗೆಂದು ಎಲ್ಲವನ್ನೂ ಕೊಳ್ಳಲಾಗುವುದಿಲ್ಲ. ಆಗ ಉಳಿಯುವ ಉಪಾಯ, ಎರಡು ಮಾಲಿನ ನಡುವೆ ಗೆರೆ ಎಳೆಯುವುದು. 2016ರ ಏಪ್ರಿಲ್‌ನಿಂದ ಆಚೆ ಮರುಮಾರಾಟದಲ್ಲಿ ಮಾತ್ರ ಕೊಂಡವರಿಗೆ ಪಾಸಿನ ರಿಯಾಯಿತಿಯಂಥ ಹೆಚ್ಚುವರಿ ಸವಲತ್ತುಗಳಿಲ್ಲ ಎಂದಾಯಿತು. ಅವು ಬೇಕಾದರೆ ಕಂಪನಿಯಿಂದ ನೇರವಾಗಿ ಇಂತಿಷ್ಟು ಪಾಯಿಂಟು ಕೊಂಡಿರಬೇಕು. ಆ ಕನಿಷ್ಠ ಮಿತಿ ಮೊದಲು 25 ಇದ್ದದ್ದು ಏರುತ್ತಾ ಏರುತ್ತಾ 150ಕ್ಕೆ ಬಂದಿದೆ. 2019ರಲ್ಲಿ ಇನ್ನೂ ಒಂದು ಬೇಲಿ: ರಿವಿಯೇರಾದ ಪಾಲನ್ನು ಮರುಮಾರಾಟದಲ್ಲಿ ಕೊಂಡವರು ರಿವಿಯೇರಾದಲ್ಲಿ ಮಾತ್ರ ಉಳಿಯಬಹುದು.

ಹೀಗಾಗಿ ಒಂದೇ ಕಟ್ಟಡದ ಅಕ್ಕಪಕ್ಕದ ಬಾಲ್ಕನಿಗಳಲ್ಲಿ ಕೂತು ಒಂದೇ ಕೆರೆ ನೋಡುತ್ತಿರುವ ಎರಡು ಕುಟುಂಬಗಳಲ್ಲಿ, 2024ರ ಅಕ್ಟೋಬರ್ ದರದಂತೆ, ಒಂದಕ್ಕೆ ಪಾಸು 1,079, ಇನ್ನೊಂದಕ್ಕೆ 1,549. ಇಬ್ಬರೂ ಸದಸ್ಯರೇ. ನನಗೆ ಇದರಲ್ಲಿ ಕೋಪ ಬರುವುದಿಲ್ಲ, ಬ್ಯಾಂಕಿನವನಾಗಿ ಮೆಚ್ಚುಗೆಯೇ ಬರುತ್ತದೆ. ಪಾಸಿನ ಮೇಲೆ ಕಂಪನಿ ಬಿಟ್ಟುಕೊಡುವುದು ಕೆಲವು ನೂರು ಡಾಲರ್. ಅದರಿಂದ ಕಾಪಾಡಿಕೊಳ್ಳುವುದು ಹದಿನೈದು ಸಾವಿರ ಡಾಲರಿನ ಅಂತರವನ್ನು. ನಾಲ್ಕು ಪಾಸಿಗೆ ವರ್ಷಕ್ಕೆ 1,880 ಎಂಬ ಅಳಿಯನ ಲೆಕ್ಕವನ್ನೇ ಒಪ್ಪಿದರೂ ಆ ಹದಿನೈದು ಸಾವಿರ ತೀರಲು ಎಂಟು ವರ್ಷ ಬೇಕು, ಎಂಟು ವರ್ಷವೂ ನಾಲ್ಕೂ ಜನಕ್ಕೆ ಪಾಸು ಕೊಳ್ಳಬೇಕು. ಒಂಬತ್ತರ ಹುಡುಗನಿಗೆ ಅಷ್ಟರಲ್ಲಿ ಹದಿನೇಳು. ಹದಿನೇಳರ ಹುಡುಗರು ಅಪ್ಪ ಅಮ್ಮನ ಜೊತೆ ಇಲಿಯ ಕಿವಿ ಹಾಕಿಕೊಂಡು ಓಡಾಡುತ್ತಾರೆಯೇ, ನೀವೇ ಹೇಳಿ.

ಕರಾರಿನ ಸಣ್ಣಕ್ಷರದಲ್ಲಿ ಇನ್ನೊಂದು ಮಾತಿದೆ. ಕೋಣೆಯಲ್ಲಿ ಉಳಿಯುವುದು ಸದಸ್ಯನ ಹಕ್ಕು. ಪಾಸಿನ ರಿಯಾಯಿತಿ ಹಕ್ಕಲ್ಲ, ಪ್ರಾಸಂಗಿಕ ಸವಲತ್ತು. ಯಾವಾಗ ಬೇಕಾದರೂ ಬದಲಾಗಬಹುದು, ನಿಲ್ಲಬಹುದು. ಇದು ಬರೀ ಹೆದರಿಕೆಯ ಮಾತಾಗಿ ಉಳಿಯಲಿಲ್ಲ. ಹೊಸ ಪಾಸುಗಳು ಬಂದ ಎರಡೂವರೆ ತಿಂಗಳಿಗೆ, 2021ರ ನವೆಂಬರಿನಲ್ಲಿ, ಪಿಕ್ಸಿ ಡಸ್ಟ್ ಒಂದನ್ನು ಬಿಟ್ಟು ಉಳಿದವುಗಳ ಹೊಸ ಮಾರಾಟ ನಿಂತಿತು. ಮತ್ತೆ ಶುರುವಾದದ್ದು 2023ರ ಏಪ್ರಿಲ್‌ನಲ್ಲಿ. ಆ ಹದಿನೇಳು ತಿಂಗಳು ಹೊಸದಾಗಿ ಸೇರಿದ ಸದಸ್ಯನ ಕೈಯಲ್ಲಿ ಕಾರ್ಡು ಇತ್ತು, ಕೊಳ್ಳಲು ಪಾಸು ಇರಲಿಲ್ಲ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಇನ್ನೂ ದೊಡ್ಡ ಪಲ್ಲಟ ಆಯಿತು. ಕೋವಿಡ್‌ನಲ್ಲಿ 2020ರ ಮಾರ್ಚ್‌ನಿಂದ 2021ರ ಏಪ್ರಿಲ್ ಕೊನೆಯವರೆಗೆ ಮುಚ್ಚಿದ್ದ ಆ ಉದ್ಯಾನ, 2021ರ ಜನವರಿಯಲ್ಲಿ ವಾರ್ಷಿಕ ಪಾಸಿನ ವ್ಯವಸ್ಥೆಯನ್ನೇ ರದ್ದು ಮಾಡಿತು. ಆಗಸ್ಟ್‌ನಲ್ಲಿ ಮ್ಯಾಜಿಕ್ ಕೀ ಎಂಬ ಹೆಸರಿನಲ್ಲಿ ಹೊಸದು ತಂದಿತು. ಅದರಲ್ಲಿ 1,399 ಡಾಲರಿನ ಮೇಲ್ದರ್ಜೆಯ ಪಾಸಿಗೆ ನಿಷೇಧದ ದಿನಗಳಿಲ್ಲ, ಅಂದರೆ ಒಳಗೆ ಬಿಡದ ದಿನಗಳಿಲ್ಲ ಎಂದಿದ್ದರು. ಆದರೆ ಹೋಗುವ ದಿನವನ್ನು ಮುಂಗಡವಾಗಿ ಕಾದಿರಿಸಬೇಕಿತ್ತು. ದಿನ ನಿಷೇಧವಲ್ಲದಿದ್ದರೂ ಕಾದಿರಿಸಲು ಜಾಗ ಸಿಗುತ್ತಿಲ್ಲವೆಂದು ಒಬ್ಬ ಪಾಸುದಾರರು ಮೊಕದ್ದಮೆ ಹೂಡಿದರು. ಒಂದು ಲಕ್ಷಕ್ಕೂ ಹೆಚ್ಚು ಪಾಸುದಾರರ ಪರವಾಗಿ 95 ಲಕ್ಷ ಡಾಲರಿಗೆ ರಾಜಿಯಾಯಿತು, ತಪ್ಪು ಒಪ್ಪಿಕೊಳ್ಳದೆ. ವಕೀಲರ ಖರ್ಚು ಕಳೆದು ತಲೆಗೆ ಬಂದದ್ದು ನೂರು ಡಾಲರಿಗೂ ಕಡಿಮೆ.

ಫ್ಲಾರಿಡಾದಲ್ಲಿಯೂ ಈ ಕಾದಿರಿಸುವ ಪದ್ಧತಿಯ ಬಾಲ ಇನ್ನೂ ಉಳಿದಿದೆ. 2024ರ ಜನವರಿಯಿಂದ ತಾರೀಕು ನಮೂದಿಸಿದ ಟಿಕೆಟಿನವನು ಅದಿಲ್ಲದೆ ಒಳಗೆ ಹೋಗಬಹುದು. ವರ್ಷಕ್ಕೆಂದು ದೊಡ್ಡ ಮೊತ್ತ ಕಟ್ಟಿದ ಪಾಸುದಾರ ಕೆಲವು ದಿನಗಳಿಗೆ ಕಾದಿರಿಸಲೇಬೇಕು. ಸಾರ್ಸರರ್ ಪಾಸಿಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಸುತ್ತಲಿನ ದಿನಗಳೂ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ದಿನಗಳೂ ಮುಚ್ಚಿದ ಬಾಗಿಲು. ಶಾಲೆಗೆ ರಜೆ ಇರುವುದು ಆಗಲೇ, ಪೂರ್ತಿ ಬೆಲೆ ಕೊಡುವವರು ಸಾಲುಗಟ್ಟುವುದೂ ಆಗಲೇ. ಇದರಲ್ಲಿ ಮುಚ್ಚುಮರೆಯೇನೂ ಇಲ್ಲ, ಮೊದಲೇ ಹೇಳಿ ಮಾರುತ್ತಾರೆ.

ಇನ್ನು ಕುಟುಂಬದ ಮಾತು. ಸದಸ್ಯರಿಗೆ ಮತ್ತು ಅವರ ಕುಟುಂಬಕ್ಕೆ ಎಂದು ಕೇಳಿದ ಕೂಡಲೇ ನಮ್ಮ ತಂಗಿ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದು ಕೂತಳು. "ಹಾಗಾದ್ರೆ ನನಗೂ ಬರುತ್ತಲ್ಲೋ," ಅಂದಳು. ಮಗ ತಲೆ ಕೆರೆದುಕೊಂಡ. ಕ್ಲಬ್ಬಿನ ನಿಯಮದಲ್ಲಿ ಕುಟುಂಬ ಎಂದರೆ ರಕ್ತಸಂಬಂಧವಷ್ಟೇ ಸಾಲದು, ಸದಸ್ಯನ ಜೊತೆ ಒಂದೇ ಮನೆಯಲ್ಲಿ ವಾಸವಿರಬೇಕು. ಅದಕ್ಕೆ ವಿಳಾಸದ ಪುರಾವೆ ಬೇಕು. ಅವಳು ಆ ಮನೆಯಲ್ಲಿ ಆರು ತಿಂಗಳು ಇರುತ್ತಾಳೆ, ಬೆಳಗ್ಗೆ ಮಕ್ಕಳನ್ನು ಬಸ್ಸಿಗೆ ಬಿಡುವವಳು ಅವಳೇ, ಸಂಜೆ ಕಾದು ಕರೆತರುವವಳೂ ಅವಳೇ. ಆದರೆ ಪಾಸ್‌ಪೋರ್ಟಿನಲ್ಲಿರುವುದು ಮೈಸೂರಿನ ಸರಸ್ವತಿಪುರಂ ವಿಳಾಸ. ವೀಸಾ ಪ್ರವಾಸಿಯದು. ಅಮೆರಿಕದ ಡ್ರೈವಿಂಗ್ ಲೈಸೆನ್ಸಿಲ್ಲ, ಬ್ಯಾಂಕ್ ಖಾತೆ ಇಲ್ಲ, ಹೆಸರಿಗೆ ಒಂದು ನೀರಿನ ಬಿಲ್ಲೂ ಇಲ್ಲ.

ಆ ನಿಯಮ ಮಾಡಿದವರನ್ನು ನಾನು ದೂರಲಾರೆ. ಕುಟುಂಬ ಎಂದಷ್ಟೇ ಬರೆದು ಬಿಟ್ಟರೆ ನಮ್ಮಂಥವರು ದೊಡ್ಡಪ್ಪ, ಚಿಕ್ಕಪ್ಪ, ಷಡ್ಡಕನ ತಮ್ಮ ಎಲ್ಲರನ್ನೂ ಕರೆತರುತ್ತೇವೆ, ಸುಳ್ಳನ್ನೂ ಹೇಳಬೇಕಾಗಿಲ್ಲ. ಎಲ್ಲಾದರೂ ಒಂದು ಗೆರೆ ಎಳೆಯಬೇಕು, ಅವರು ಬಾಗಿಲ ಸಂಖ್ಯೆಯ ಮೇಲೆ ಎಳೆದಿದ್ದಾರೆ. ಆದರೆ ಆ ಗೆರೆ ಅವರದೇ ಜನರನ್ನೂ ಕತ್ತರಿಸುತ್ತದೆ. ಮಗಳಿಗೆ ಮೂರು ವರ್ಷವಿದ್ದಾಗ ಪಾಲು ಕೊಂಡ ಅಪ್ಪ, ಅವಳು ಮದುವೆಯಾಗಿ ಪಕ್ಕದ ಬೀದಿಗೆ ಮನೆ ಮಾಡಿದರೆ ಅವಳಿಗೆ ಪಾಸು ಕೊಡಿಸಲಾರ. ಯಾರ ನೆನಪಿಗಾಗಿ ಕೊಂಡನೋ ಅವಳೇ ಲೆಕ್ಕದಿಂದ ಹೊರಗೆ. ಅದಕ್ಕೇ ಬೆಳೆದ ಮಕ್ಕಳ ಹೆಸರನ್ನು ನೋಂದಣಿ ಪತ್ರಕ್ಕೇ ಸೇರಿಸುವವರಿದ್ದಾರೆ. ಹೆಸರು ಸೇರಿದರೆ ಸಾಲದ ಭಾರ, ವರ್ಷದ ಶುಲ್ಕದ ಭಾರ, ಮುಂದೆ ಅಣ್ಣತಂಗಿಯರ ಪಾಲಿನ ತಕರಾರು ಎಲ್ಲವೂ ಕೂಡಿಯೇ ಬರುತ್ತವೆ. 470 ಡಾಲರಿನ ರಿಯಾಯಿತಿಗಾಗಿ 2070ರವರೆಗಿನ ಶುಲ್ಕಕ್ಕೆ ಮಗನ ಕೈಲಿ ಸಹಿ ಹಾಕಿಸುವ ಮುನ್ನ ಒಂದು ರಾತ್ರಿ ನಿದ್ದೆ ಮಾಡಿ ಎಂದು ನಾನಾದರೆ ಹೇಳುತ್ತೇನೆ.

ಸದಸ್ಯತ್ವದ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಕಹಿಯಲ್ಲ. ಕ್ಲಬ್ಬಿನ ರೆಸಾರ್ಟಿನ ಒಂದು ಬೆಡ್‌ರೂಮಿನ ಮನೆಯಲ್ಲಿ ಪೂರ್ತಿ ಅಡುಗೆಮನೆ ಇದೆ, ಒಲೆ, ಫ್ರಿಜ್ಜು, ಪಾತ್ರೆ ಸಮೇತ. ಬಟ್ಟೆ ಒಗೆಯುವ ಯಂತ್ರವೂ ಇದೆ. ಮಾಂಸ ತಿನ್ನದ, ಹೋಟೆಲ್ ಊಟ ಎರಡು ದಿನಕ್ಕೇ ಸಾಕೆನ್ನುವ ನಮ್ಮಂಥ ಸಂಸಾರಕ್ಕೆ ಅದು ಸಣ್ಣ ಸೌಕರ್ಯವಲ್ಲ. ಆಮೇಲೆ ನಾವೆಲ್ಲ ಅಲ್ಲಿಗೆ ಹೋದಾಗ ತಂಗಿ ಅಟ್ಲಾಂಟಾದಿಂದಲೇ ಕುಕ್ಕರು, ಸಾರಿನ ಪುಡಿ, ಸೋನಾ ಮಸೂರಿ ಕಟ್ಟಿಕೊಂಡು ಬಂದಿದ್ದಳು. ಬಿಸಿಲಲ್ಲಿ ಅಲೆದು ಬಂದ ಮಕ್ಕಳು ಮಧ್ಯಾಹ್ನ ಅನ್ನ ಸಾರು ಉಂಡು ಮಲಗಿ, ಸಂಜೆ ಮತ್ತೆ ಉದ್ಯಾನಕ್ಕೆ ಹೊರಟರು. ವರ್ಷದ ಪಾಸಿನ ನಿಜವಾದ ಸುಖವೂ ಅದೇ ಎಂದು ಅಲ್ಲಿ ಕಂಡುಕೊಂಡೆ. ದಿನಕ್ಕೆ 150 ಡಾಲರ್ ಕೊಟ್ಟವನು ಬೆಳಗ್ಗೆ ಎಂಟಕ್ಕೆ ನುಗ್ಗಿ ರಾತ್ರಿ ಪಟಾಕಿ ಮುಗಿಯುವವರೆಗೆ ಅಳುವ ಮಗುವನ್ನು ಎಳೆದುಕೊಂಡು ತಿರುಗುತ್ತಾನೆ. ಪಾಸಿದ್ದವನು ಎರಡು ಗಂಟೆ ಇದ್ದು, ಮಳೆ ಬಂತು, ನಾಳೆ ನೋಡೋಣ ಎಂದು ಎದ್ದುಬರುತ್ತಾನೆ. ಆ ನೆಮ್ಮದಿಗೆ ಬೆಲೆ ಕಟ್ಟುವುದು ನನ್ನ ಬ್ಯಾಂಕಿನ ಲೆಕ್ಕಕ್ಕೆ ಸಿಗುವುದಿಲ್ಲ.

ಆದ್ದರಿಂದ ಈಗಾಗಲೇ ಸದಸ್ಯರಾದವರು, ಕಾರಿನ ಹಾದಿಯಲ್ಲಿ ಇರುವವರು, ಎರಡು ಸಲ ಹೋಗಿಯೇ ಹೋಗುತ್ತೇವೆ ಎನ್ನುವವರು ಈ ಪಾಸನ್ನು ಧಾರಾಳವಾಗಿ ಕೊಳ್ಳಲಿ. ಪಾಸಿನ ಆಸೆಗೆ ಸದಸ್ಯರಾಗುವವರನ್ನು ಮಾತ್ರ ನಾನು ತಡೆಯುತ್ತೇನೆ. ಕೊಳ್ಳುವವರು ತಾರೀಕು ನೋಡಿ ಕೊಳ್ಳಬೇಕು. ಪಾಸಿನ ವರ್ಷ ಜನವರಿಯಿಂದ ಡಿಸೆಂಬರ್ ಅಲ್ಲ, ಅದು ಜಾರಿಗೆ ಬಂದ ದಿನದಿಂದ ಎಣಿಕೆ. ಜಾರ್ಜಿಯಾದಲ್ಲಿ ಶಾಲೆ ಮುಚ್ಚುವುದು ಮೇ ತಿಂಗಳ ಕೊನೆಯ ವಾರದಲ್ಲಿ. ಈ ಬೇಸಿಗೆ ಜೂನ್ ಮೊದಲ ವಾರ ಹೋಗಿ, ಮುಂದಿನ ಬೇಸಿಗೆ ರಜೆ ಬಿದ್ದ ಕೂಡಲೇ ಮೇ ಕೊನೆಗೆ ಹೋದರೆ, ಎರಡು ವರ್ಷದ ಎರಡು ಪ್ರವಾಸ ಒಂದೇ ಪಾಸಿನಲ್ಲಿ ಮುಗಿಯುತ್ತವೆ. ನಡುವೆ ಅಕ್ಟೋಬರಿನಲ್ಲಿ ನಾಲ್ಕು ದಿನ ಸಿಕ್ಕರೆ ಅದು ಮೇಲುಲಾಭ. ಆಮೇಲೆ ಒಂದು ವರ್ಷ ಪಾಸಿನ ತಂಟೆಯೇ ಬೇಡ. ಪಾಯಿಂಟುಗಳನ್ನು ಮುಂದಕ್ಕೆ ಇಟ್ಟುಕೊಳ್ಳುವ ಅವಕಾಶ ಹೇಗೂ ಇದೆಯಲ್ಲ.

ಊಟದ ಮೇಜಿನ ಆ ಸಂಜೆಯೇ ಅಳಿಯ ಲಕೋಟೆಯ ಲೆಕ್ಕವನ್ನು ಹೊಡೆದುಹಾಕಿ ಕ್ಯಾಲೆಂಡರ್ ತಂದು ಹಾಗೆಯೇ ಮಾಡಿದ. ನಾಲ್ಕು ಸಾರ್ಸರರ್ ಪಾಸು, ಜೂನ್ ಮೊದಲ ವಾರದಿಂದ. ತಂಗಿಗೂ ನನಗೂ ಎರಡೆರಡು ದಿನದ ಟಿಕೆಟು. ಮೂರನೆಯ ದಿನ ನಮ್ಮನ್ನು ಕರೆಯಬೇಡಿ, ಕೋಣೆಯಲ್ಲೇ ಬಿಸಿಬೇಳೆ ಬಾತು ಮಾಡಿಟ್ಟಿರುತ್ತೇನೆ ಎಂದು ಅವಳು ಅವತ್ತೇ ಹೇಳಿಬಿಟ್ಟಳು.